277ರಲ್ಲಿ ಒಂದು

ರಾತ್ರಿ ನಿದ್ದೆ ಬರದೆ ಸುಮ್ನೆ ಡಾಲಿ ಕುರಿಯ ಕತೆ ಓದುತ್ತಾ ಕೂತಿದ್ದೆ. ಕ್ಲೋನಿಂಗ್‌ನಿಂದ, ಅಂದ್ರೆ ಒಂದು ಜೀವಿಯ ಜೀವಕೋಶದಿಂದ ಅದೇ ಜೀನ್‌ಗಳಿರುವ ನಕಲು ಮಾಡುವ ವಿಧಾನದಿಂದ, ಹುಟ್ಟಿದ ಕುರಿ ಅದು. 1996ರ ಜುಲೈನಲ್ಲಿ ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿದ ಮರಿ. ಬೆಳೆದ ಕುರಿಯೊಂದರ ಕೆಚ್ಚಲಿನ ಜೀವಕೋಶದಿಂದ ಮಾಡಿದ್ದು ಅನ್ನೋದು ಗೊತ್ತಿತ್ತು. ಲೆಕ್ಕ ಮಾತ್ರ ಮರೆತೇ ಹೋಗಿತ್ತು. ಜೀವಕೋಶ ಕೂಡಿಸಿದ ಅಂಡಗಳು 277. ಕುರಿಗಳ ಗರ್ಭಕ್ಕೆ ಹಾಕುವ ಹಂತಕ್ಕೆ ಬಂದ ಭ್ರೂಣಗಳು 29. ಹುಟ್ಟಿದ್ದು ಒಂದೇ ಒಂದು.

ಇದೇ ಲೆಕ್ಕವನ್ನು ಮನುಷ್ಯರಿಗೆ ಹಾಕಿ ನೋಡಿದೆ. ಮೈ ಜುಮ್ಮೆಂದಿತು. ಅಷ್ಟೊಂದು ಅಂಡ ಕೊಡುವ ಹೆಂಗಸರು ಯಾರು? ಗರ್ಭ ನಿಲ್ಲದೆ ಹೋದರೆ ಆ ನೋವು ಯಾರದ್ದು? 'ದೇವರ ಕೆಲಸಕ್ಕೆ ಕೈ ಹಾಕಬೇಡಿ' ಅನ್ನುವ ವಾದ ನನಗೆ ಅಷ್ಟಾಗಿ ತಟ್ಟುವುದಿಲ್ಲ. ಪ್ರನಾಳ ಶಿಶು (ಟೆಸ್ಟ್ ಟ್ಯೂಬ್ ಬೇಬಿ) ಬಂದಾಗಲೂ ಅದನ್ನೇ ಹೇಳಿದ್ದರು. ಆದರೆ ಈ 277 ಬಿಡುತ್ತಿಲ್ಲ.

ಇನ್ನೊಂದು ತಮಾಷೆ ಇದೆ. 2001ರಲ್ಲಿ ಅಮೆರಿಕದಲ್ಲಿ ಬೆಕ್ಕನ್ನು ಕ್ಲೋನ್ ಮಾಡಿದರು. ಮೂಲ ಬೆಕ್ಕು ಮೂರು ಬಣ್ಣದ್ದು. ಮರಿಯಲ್ಲಿ ಕಿತ್ತಳೆ ಬಣ್ಣವೇ ಇಲ್ಲ! ಜೀನ್ ಅದೇ, ಆದರೆ ಆ ಬಣ್ಣದ ಜೀನ್ ಮರಿಯಲ್ಲಿ ಸುಮ್ಮನೆ ಮಲಗಿಬಿಟ್ಟಿತ್ತು. ಮೈಬಣ್ಣವೇ ಹೊಂದದಿದ್ದರೆ ಇನ್ನು ಸ್ವಭಾವ ಹೊಂದುತ್ತದಾ? ತೀರಿಹೋದ ಮಗುವನ್ನು ಕ್ಲೋನಿಂಗ್‌ನಿಂದ ವಾಪಸ್ ಪಡೆಯಬಹುದು ಅಂದುಕೊಳ್ಳುವವರಿದ್ದಾರೆ. ಅವರ ದುಃಖ ಅರ್ಥವಾಗುತ್ತದೆ. ಆದರೆ ಬರುವುದು ಬೇರೆಯೇ ಮಗು ಅಲ್ವಾ. ಪಾಪ, ಹುಟ್ಟಿದ ದಿನದಿಂದಲೇ ಇನ್ನೊಬ್ಬರ ಪಾತ್ರ ಮಾಡಬೇಕು ಅದು.

ನನಗೆ ಗೊತ್ತಿರುವ ಅವಳಿಗಳಿದ್ದಾರೆ, ಒಂದೇ ಅಚ್ಚು, ಕ್ಲೋನ್‌ನ ಹಾಗೇ ಜೀನ್ ಕೂಡ ಒಂದೇ. ಒಬ್ಬಳಿಗೆ ಗಣಿತ ಅಂದ್ರೆ ಪ್ರಾಣ, ಇನ್ನೊಬ್ಬಳು ಆ ಹೆಸರು ಕೇಳಿದರೇ ಎದ್ದು ಹೋಗುತ್ತಾಳೆ.