ಏಳರ ತಿಂಗಳು ಜುಲೈ ಅಲ್ಲ

26 ಡಿಸೆಂಬರ್ 2024, ಗುರುವಾರ
ಸ್ಟ್ರಾಸ್‌ಬರ್ಗ್

ಇವತ್ತು ನಮಗೆ ರಜೆ. ಪ್ಯಾರಿಸ್‌ನ ಸಹೋದ್ಯೋಗಿಗಳು ಬೆಳಿಗ್ಗೆಯಿಂದ ಮೇಲ್ ಕಳಿಸುತ್ತಲೇ ಇದ್ದಾರೆ, ಪಾಪ. ಕ್ರಿಸ್‌ಮಸ್‌ನ ಮರುದಿನ ರಜೆ ಕೊಡುವ ಪದ್ಧತಿ ನಾವಿರುವ ಅಲ್ಸಾಸ್ ಸೀಮೆ ಮತ್ತು ಪಕ್ಕದ ಮೊಸೆಲ್ ಜಿಲ್ಲೆ ಬಿಟ್ಟರೆ ಉಳಿದ ಫ್ರಾನ್ಸಿನಲ್ಲಿ ಇಲ್ಲ. ಈ ಸೀಮೆ ಜರ್ಮನಿಯ ಕೈಯಲ್ಲಿದ್ದಾಗ, 1892ರಲ್ಲಿ ಹೊರಟ ಆದೇಶ ಅದು. 1918ರಲ್ಲಿ ಫ್ರಾನ್ಸಿಗೆ ಮರಳಿದ ಮೇಲೂ ಇಲ್ಲಿನವರು ರಜೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ನಿನ್ನೆ ಊಟಕ್ಕೆ ಬಂದ ಅತ್ತೆ ರಾತ್ರಿ ಇಲ್ಲೇ ಉಳಿದಿದ್ದರು. ಬೆಳಿಗ್ಗೆ ಕಾಫಿ ಮುಗಿಸಿ, ಸೋಂಪು ಹಾಕಿದ ಬ್ರೆಡೆಲೆ ಬಿಸ್ಕತ್ತಿನ ಡಬ್ಬಿಯನ್ನು ಲ್ಯಾಪ್‌ಟಾಪ್ ಪಕ್ಕ ಇಟ್ಟು, "ಎಲ್ಲಿಗೆ ಬಂತು ನನ್ನ ಗಿರಣಿ?" ಎಂದು ಕುರ್ಚಿ ಎಳೆದುಕೊಂಡರು. ಗಂಡ ಇನ್ನೂ ಎದ್ದಿರಲಿಲ್ಲ.

ಅತ್ತೆಯ ತವರಿನವರು ಗಿರಣಿಯವರು. ಅಲ್ಸಾಸಿನ ಉತ್ತರಕ್ಕೆ ಮೋಡರ್ ಎಂಬ ಚಿಕ್ಕ ಹೊಳೆ ಇದೆ. ವೋಜ್ ಬೆಟ್ಟಗಳಲ್ಲಿ ಹುಟ್ಟಿ ಇಂಗ್‌ವಿಲ್ಲರ್, ಪ್ಫಾಫನ್‌ಹೋಫನ್, ಹಾಗ್ನೋ ಹಾದು ಕೊನೆಗೆ ರೈನ್ ನದಿ ಸೇರುತ್ತದೆ. ಅದರ ದಂಡೆಯ ಒಂದು ಹಳ್ಳಿಯಲ್ಲಿ ಅವರದು ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ. 19ನೇ ಶತಮಾನದ ಕೊನೆಗೆ ಕಲ್ಲಿನ ಬದಲು ಉಕ್ಕಿನ ಉರುಳೆಗಳಲ್ಲಿ ಗೋಧಿ ನುರಿಸುವ ದೊಡ್ಡ ಗಿರಣಿಗಳು ಬಂದವು, ಹೊಳೆಬದಿಯ ಸಣ್ಣವು ಒಂದೊಂದಾಗಿ ಸುಮ್ಮನಾದವು. ಅತ್ತೆಯ ಅಜ್ಜನ ಕಾಲಕ್ಕೇ ಅವರ ಕಲ್ಲು ನಿಂತಿತ್ತು. ಈಗ ಉಳಿದಿರುವುದು ಹುಲ್ಲು ಮುಚ್ಚಿದ ಕಾಲುವೆ ಮತ್ತು ಅತ್ತೆಯ ಅಣ್ಣ ಮನೆತನದ ವಂಶಾವಳಿ ಹುಡುಕಿ ಬರೆದಿಟ್ಟ ಒಂದು ನೀಲಿ ನೋಟ್‌ಬುಕ್. ಅವರು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. "ನಿನಗೆ ಹೇಗೂ ಬೇರೆ ಬೇರೆ ಲಿಪಿ ಓದುವ ಅಭ್ಯಾಸ ಇದೆಯಲ್ಲ" ಎಂಬುದು ಅತ್ತೆಯ ತರ್ಕ. ಕನ್ನಡ ಓದಲು ಬರುವವಳಿಗೆ ಹಳೆಯ ಜರ್ಮನ್ ಕೈಬರಹವೂ ಬರಲೇಬೇಕು!

ಬರುತ್ತಿರಲಿಲ್ಲ. ಚರ್ಚಿನ ಹಳೆಯ ಪುಸ್ತಕಗಳಲ್ಲಿ ಕುರೆಂಟ್ ಎಂಬ ಆ ಕೈಬರಹ ಎದುರಿಗೆ ಬಂದಾಗ ಮೊದಲು ಕಂಡದ್ದು ಬೇಲಿಗೆ ನೆಟ್ಟ ಗೂಟಗಳ ಸಾಲು, ಅಷ್ಟೇ. 'ಇ' ಅಕ್ಷರ 'ಎನ್'ನಂತೆ ಕಾಣುತ್ತದೆ. 'ಯು'ವನ್ನು 'ಎನ್'ನಿಂದ ಬೇರೆ ಮಾಡಲು ಅದರ ತಲೆಯ ಮೇಲೊಂದು ಸಣ್ಣ ಕೊಂಕು ಹಾಕುತ್ತಾರೆ, ಪಾದ್ರಿ ಅವಸರದಲ್ಲಿದ್ದರೆ ಆ ಕೊಂಕೂ ಇರುವುದಿಲ್ಲ. ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪಾದ್ರಿಗಳು ಊರಿಗೆ ಪತ್ರ ಬರೆಯುತ್ತಿದ್ದದ್ದೂ ಇದೇ ಕೈಬರಹದಲ್ಲಿ. ಆ ಬಾಸೆಲ್ ಇರುವುದು ಅಲ್ಸಾಸಿನ ದಕ್ಷಿಣದ ಗಡಿಗೆ ಅಂಟಿಕೊಂಡೇ. ಇದು ತಿಳಿದ ದಿನ, ಯಾಕೋ, ಅಕ್ಷರಗಳ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಇಲ್ಲಿ ಒಂದೇ ಮನೆತನವನ್ನು ಹಿಂದಕ್ಕೆ ಹಿಡಿದು ಹೋದರೂ ದಾಖಲೆಯ ಭಾಷೆ ಮತ್ತೆ ಮತ್ತೆ ಬದಲಾಗುತ್ತದೆ. ಅತ್ತೆ ಹುಟ್ಟಿದ್ದು 1942ರಲ್ಲಿ. ನಾಜಿ ಆಡಳಿತ ಫ್ರೆಂಚ್ ಹೆಸರುಗಳನ್ನು ನಿಷೇಧಿಸಿದ್ದರಿಂದ ಅವರ ಜನನಪತ್ರದಲ್ಲಿರುವುದು ಮನೆಯವರು ಇಟ್ಟ ಹೆಸರಿನ ಜರ್ಮನ್ ರೂಪ. ಆ ಕಾಗದ ತೋರಿಸಿದರೆ ಇವತ್ತಿಗೂ "ಅದು ನಾನಲ್ಲ" ಎಂದು ಮಗುಚಿ ಇಡುತ್ತಾರೆ. ಅದಕ್ಕೂ ಹಿಂದೆ, 1871ರಿಂದ 1918ರವರೆಗೆ ಎಲ್ಲವೂ ಜರ್ಮನ್, ಅದರ ಹಿಂದೆ ಫ್ರೆಂಚ್. ಫ್ರೆಂಚ್ ಕ್ರಾಂತಿಯ ಸರ್ಕಾರ 1792ರಲ್ಲಿ ಜನನ ಮರಣದ ಲೆಕ್ಕವನ್ನು ಚರ್ಚಿನಿಂದ ಕಿತ್ತು ಊರಿನ ಪಾಲಿಕೆಗೆ ಕೊಟ್ಟಿತು. ಅದಕ್ಕಿಂತ ಹಿಂದೆ ಪಾದ್ರಿಗಳದೇ ರಾಜ್ಯ: ಕ್ಯಾಥೊಲಿಕ್ ಊರಾದರೆ ಲ್ಯಾಟಿನ್, ಲೂಥರನ್ ಊರಾದರೆ ಜರ್ಮನ್. ಪಾಲಿಕೆಯ ಪುಸ್ತಕದ ಜಾಂ-ಜಾರ್ಜ್, ಚರ್ಚಿನ ಪುಸ್ತಕದ ಯೋಹಾನ್ ಗೇಯೊರ್ಗ್, ಮನೆಯವರ ಹಾನ್ಸ್‌ಯೋರ್ಗ್, ಮೂವರೂ ಒಬ್ಬನೇ ಇರಬಹುದು.

ನೀಲಿ ನೋಟ್‌ಬುಕ್ಕಿನಲ್ಲಿ ಎರಡು ದೆವ್ವಗಳಿದ್ದವು. ಗಿರಣಿಯವರ ವಂಶ ಹುಡುಕುವವರೆಲ್ಲ ಎಡವುವುದು ಮುಲ್ಲರ್ ಎಂಬ ಪದದಲ್ಲಿ. ಅದು ಜರ್ಮನ್‌ನಲ್ಲಿ ಗಿರಣಿಯವನು ಎಂಬ ಅರ್ಥದ ಮಾತು, ಮನೆತನದ ಹೆಸರೂ ಹೌದು. 18ನೇ ಶತಮಾನದ ಹೊತ್ತಿಗೆ ಮುಲ್ಲರ್ ಮನೆತನದವನು ಬಟ್ಟೆ ಹೊಲಿಯುತ್ತಿರಬಹುದು, ಗಿರಣಿ ನಡೆಸುವವನ ಮನೆತನದ ಹೆಸರು ಬೇರೆಯೇ ಆಗಿರಬಹುದು. ಹೆಸರಿನ ಮುಂದೆ ಪಾದ್ರಿ ಕಸುಬೆಂದು ಬರೆದದ್ದನ್ನು ಅಣ್ಣ ಎರಡು ಕಡೆ ಮನೆತನದ ಹೆಸರೆಂದು ತಿಳಿದು, ಇಲ್ಲದ ಇಬ್ಬರನ್ನು ಹುಟ್ಟಿಸಿಬಿಟ್ಟಿದ್ದರು. ಸಾಲದ್ದಕ್ಕೆ ಹೆಂಗಸರ ಹೆಸರಿನ ಕೊನೆಗೆ 'ಇನ್' ಸೇರಿಸುವುದು ಆಗಿನ ರೂಢಿ, ಮುಲ್ಲರ್ ಮನೆಯ ಹೆಣ್ಣು ಮುಲ್ಲರಿನ್. ಅವಳಿಗೆ ನೋಟ್‌ಬುಕ್ಕಿನಲ್ಲಿ ಬೇರೆ ಕುಟುಂಬವೆಂದು ಪ್ರತ್ಯೇಕ ಪುಟ. ನಗು ಬಂತು. ಮೊದಲ ವಾರ ನಾನೂ ಅದನ್ನೇ ಮಾಡಿದ್ದೆ ಎಂಬುದನ್ನು ಅತ್ತೆಗೆ ಹೇಳಿಲ್ಲ.

ನಾವು ಸಿಕ್ಕಿಕೊಂಡಿದ್ದದ್ದು ಒಬ್ಬ ಮುದುಕನ ಹತ್ತಿರ. ಅವನು ಸತ್ತದ್ದು ಗಣರಾಜ್ಯದ 9ನೇ ವರ್ಷ, ವಾಂತೋಸ್ ತಿಂಗಳು, ಅಂದರೆ 1801ರ ಫೆಬ್ರುವರಿ ಕೊನೆಯಿಂದ ಮಾರ್ಚ್ ಒಳಗೆ. (ಕ್ರಾಂತಿಯವರು ಪಂಚಾಂಗವನ್ನೂ ಬದಲಿಸಿದ್ದರು. ಹಳೆಯದಕ್ಕೆ ಮರಳಿದ್ದು 1806ರ ಜನವರಿ 1ರಂದು.) ವಯಸ್ಸು 62 ಎಂದು ಬರೆದಿದ್ದಾರೆ. ಅವನ ಮದುವೆಯ ದಾಖಲೆಯ ಅಂಚಿನಲ್ಲಿ ಮಾತ್ರ ಪಾದ್ರಿ, ಅವನು ಹುಟ್ಟಿದ ತಿಂಗಳನ್ನು 7ರ ಅಂಕಿಯಲ್ಲೂ ಜೊತೆಗೆ 1741 ಎಂಬ ಇಸವಿಯನ್ನೂ ಗೀಚಿಟ್ಟಿದ್ದಾನೆ, ಊರು ಬರೆದಿಲ್ಲ. ಅಣ್ಣ ಅದನ್ನು ಜುಲೈ ಎಂದು ಓದಿಕೊಂಡಿದ್ದರು. ಸ್ವಂತ ಹಳ್ಳಿಯ ದೀಕ್ಷಾಸ್ನಾನದ ಪುಸ್ತಕದಲ್ಲಿ 1741ರ ಜುಲೈ ಎಷ್ಟು ಸಲ ನೋಡಿದರೂ ಅವನಿಲ್ಲ. ಇಸವಿಯೇ ತಪ್ಪಿರಬೇಕೆಂದು ಅವರು ಹಿಂದೆ ಮುಂದೆ ಐದಾರು ವರ್ಷದ ಜುಲೈಗಳನ್ನೆಲ್ಲ ಸೋಸಿದ್ದಾರೆ. ಮೂರು ತಿಂಗಳಿಂದ ನಾನೂ ಅದೇ ಜುಲೈಗಳಲ್ಲಿ ಸುತ್ತುತ್ತಿದ್ದೆ.

ಇವತ್ತು ಬೇರೇನನ್ನೋ ಹುಡುಕುತ್ತ ಅದೇ ಪಾದ್ರಿಯ ಪುಸ್ತಕದ ಒಂದು ಪುಟವನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದೆ. ತಿಂಗಳ ಜಾಗದಲ್ಲಿ 7 ಎಂಬ ಅಂಕಿ, ಅದರ ಬಾಲಕ್ಕೆ ಪುಟಾಣಿ 'ಬ್ರಿಸ್'. ಕೆಳಗೆ 8 ಬ್ರಿಸ್. ಆಮೇಲೆ 9. ಆಮೇಲೆ ಹತ್ತಕ್ಕೆ ಗುಣಿಸುವ ಗುರುತಿನಂಥ ರೋಮನ್ ಅಂಕಿ, ಅದಕ್ಕೂ ಬ್ರಿಸ್. ಅದರ ಕೆಳಗೆ ಅಡ್ಡಗೆರೆ ಎಳೆದು ಹೊಸ ವರ್ಷ. ಹತ್ತನೆಯ ತಿಂಗಳಾದ ಮೇಲೆ ಜನವರಿ ಹೇಗೆ ಬರುತ್ತದೆ? ಲ್ಯಾಟಿನ್ನಿನ ಏಳು ಸೆಪ್ಟೆಮ್, ಎಂಟು ಆಕ್ಟೊ, ಒಂಬತ್ತು ನೊವೆಮ್, ಹತ್ತು ಡಿಸೆಮ್. ಏಳರ ತಿಂಗಳು ಜುಲೈ ಅಲ್ಲ, ಸೆಪ್ಟೆಂಬರ್. ಶಾಲೆಯ ಮಗುವಿಗೂ ಹೊಳೆಯಬಹುದಾದ ಸಂಗತಿ.

ಸಂಭ್ರಮದಿಂದ ಹಳ್ಳಿಯ ಪುಸ್ತಕದಲ್ಲಿ 1741ರ ಸೆಪ್ಟೆಂಬರ್ ತೆಗೆದೆ. ಅಲ್ಲೂ ಇಲ್ಲ.

ಅತ್ತೆ ಬಿಸ್ಕತ್ತು ಮುರಿಯುತ್ತ, "ಅವನ ಮಕ್ಕಳಿಗೆ ಜ್ಞಾನತಂದೆ, ಜ್ಞಾನತಾಯಿ ಯಾರು?" ಎಂದರು. ಆ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ಮಕ್ಕಳ ದೀಕ್ಷಾಸ್ನಾನದ ಸಾಲುಗಳನ್ನು ಮತ್ತೆ ತೆಗೆದೆವು. ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊತ್ತು ಹಾಗೆ ನಿಂತವರಲ್ಲಿ ಊರಿನವರು ಕಡಿಮೆ. ಒಂದು ಕಡೆ 'ಮೇಲಿನ ಗಿರಣಿಯವನ ಹೆಂಡತಿ', ಇನ್ನೊಂದು ಕಡೆ ಬೇರೊಂದು ಹಳ್ಳಿಯ ಗಿರಣಿಯವನ ಮದುವೆಯಾಗದ ಮಗ. ಆ ಊರುಗಳನ್ನು 18ನೇ ಶತಮಾನದ ಕ್ಯಾಸಿನಿ ನಕ್ಷೆಯಲ್ಲಿ ಹುಡುಕಿದೆ. ಅದರಲ್ಲಿ ನೀರಿನ ಗಿರಣಿಗೆ ಗುರುತು ಒಂದು ಪುಟ್ಟ ಹಲ್ಲಿನ ಗಾಲಿ. ನಮ್ಮ ಊರುಗಳೆಲ್ಲ ಒಂದೇ ಹೊಳೆಯ ಮೇಲೆ, ದಾರಕ್ಕೆ ಪೋಣಿಸಿದ ಹಾಗೆ.

ರೈತರ ವಂಶವಾದರೆ ಒಂದೇ ಚರ್ಚಿನ ಪುಸ್ತಕದಲ್ಲಿ ಕೂತು ಎಷ್ಟೋ ತಲೆಮಾರು ಮುಗಿಸಬಹುದು. ಗಿರಣಿಯವರು ಹಾಗಲ್ಲ. ಗಿರಣಿ ಹೆಚ್ಚಾಗಿ ದೊರೆಯದು. ಇವರು ಒಪ್ಪಂದದ ಮೇಲೆ ಹಿಡಿದವರು. ಊರಿನವರು ದೊರೆಯ ಗಿರಣಿಯಲ್ಲೇ ಬೀಸಿಸಬೇಕೆಂಬ ಕಟ್ಟುಪಾಡು ಕ್ರಾಂತಿಯವರೆಗೂ ಇತ್ತು, ಹಾಗಾಗಿ ಗಿರಣಿಗಳ ಸಂಖ್ಯೆ ಬೇಕೆಂದಾಗ ಬೆಳೆಯುವುದಲ್ಲ. ಒಬ್ಬ ಮಗನಿಗೆ ಅಪ್ಪನ ಕಲ್ಲು ಸಿಕ್ಕರೆ ಉಳಿದವರು ಬೇರೆ ಗಿರಣಿ ಹುಡುಕಬೇಕು. ಸುಲಭದ ದಾರಿ ಎಂದರೆ ಗಿರಣಿಯವನ ಮಗಳನ್ನೋ ವಿಧವೆಯನ್ನೋ ಮದುವೆಯಾಗುವುದು. ಕೂಲಿಯಾಗಿ ಹಿಟ್ಟಿನಲ್ಲೇ ಪಾಲು ತೆಗೆದುಕೊಳ್ಳುವ ಕಸುಬಾದ್ದರಿಂದ ಊರಿನವರ ಅನುಮಾನ ಬೇರೆ. "ಗಿರಣಿಯ ಭಾಗ್ಯ ಅಂದರೆ ಚೀಲಗಳಿಗೆ ಬಾಯಿಲ್ಲದಿರುವುದು" ಎಂದು ಅತ್ತೆ ಹಳೆಯ ಗಾದೆ ಹೇಳಿ ತಾವೇ ನಕ್ಕರು. ಮಗುವನ್ನು ಎತ್ತಿ ಹಿಡಿಯಲು ಮೇಲಿನ ಗಿರಣಿಯಿಂದ ಜನ ಬರುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ಹೊಳೆಗೆ ಎದುರಾಗಿ ಹೊರಟೆವು. ಮೊದಲ ಊರಿನ ಪುಸ್ತಕದಲ್ಲಿ ಇರಲಿಲ್ಲ. ಎರಡನೆಯದರಲ್ಲಿ, ಹನ್ನೊಂದೂವರೆಗೆ, ಸಿಕ್ಕಿಬಿಟ್ಟ: 1741, 7 ಬ್ರಿಸ್, ಯೋಹಾನ್ ಎಂದು ಶುರುವಾಗುವ ಹೆಸರು, ಅಪ್ಪ 'ದೊರೆಯ ಗಿರಣಿಯ ಗಿರಣಿಯವನು'. ಆ ದೊರೆ ಯಾರೆಂದು ನೋಡಿದರೆ ಹೆಸ್ಸೆ-ಡಾರ್ಮ್‌ಸ್ಟಾಟ್ ಮನೆತನ. ಹಾನೌ-ಲಿಷ್ಟೆನ್‌ಬರ್ಗ್ ಕೌಂಟರ ವಂಶ 1736ರಲ್ಲಿ ಗಂಡು ಸಂತಾನವಿಲ್ಲದೆ ನಿಂತು, ಈ ಸೀಮೆ ಅವರ ಕೈಗೆ ಹೋಗಿತ್ತು. ಮೇಲೆ ಫ್ರಾನ್ಸಿನ ರಾಜ, ನಡುವೆ ಜರ್ಮನ್ ದೊರೆ, ಕೆಳಗೆ ನಮ್ಮ ಗಿರಣಿಯವನು. ಅಂದರೆ ಸತ್ತಾಗ ಅವನಿಗೆ 59, 62 ಅಲ್ಲ.

ದಾಖಲೆಯ ಕೆಳಗೆ ಸಹಿಗಳಿವೆ. ಅಪ್ಪನದು ದಪ್ಪ, ಒರಟು, ಪ್ರತಿ ಅಕ್ಷರಕ್ಕೂ ಶಾಯಿ ಅದ್ದಿ ಬರೆದಂತಿದೆ. ಜ್ಞಾನತಾಯಿಯದು ಸಹಿಯಲ್ಲ, ಓರೆಯಾದ ಒಂದು ಶಿಲುಬೆ, ಪಕ್ಕದಲ್ಲಿ ಪಾದ್ರಿಯ ಕೈಯಲ್ಲಿ ಅವಳ ಹೆಸರು. ಅತ್ತೆ ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿ ತುಂಬ ಹೊತ್ತು ನೋಡಿದರು. ಆಮೇಲೆ, "ಅಣ್ಣನಿಗೆ ಇದು ಜುಲೈ ಅಂತ ಯಾರು ಹೇಳಿದರು?" ಎಂದು ಕೇಳಿದರು, ಸಿಟ್ಟಿನಲ್ಲೇ.

ನೀಲಿ ನೋಟ್‌ಬುಕ್ಕಿನಲ್ಲಿ ನಾನು ಏನನ್ನೂ ಹೊಡೆದು ಹಾಕಿಲ್ಲ. ಜುಲೈ ಪಕ್ಕ ಪೆನ್ಸಿಲಿನಲ್ಲಿ ಸೆಪ್ಟೆಂಬರ್ ಎಂದು ಬರೆದೆ. ಮಗುವಿನ ಅಮ್ಮ ಆ ಗಿರಣಿಯ ಹಿಂದಿನ ಯಜಮಾನನ ವಿಧವೆಯಂತೆ. ಅವಳ ಮೊದಲ ಮದುವೆ ಇನ್ನೂ ಹುಡುಕಬೇಕು. ಶನಿವಾರ ಮಳೆ ಇಲ್ಲದಿದ್ದರೆ ಮೂವರೂ ಕಾರಿನಲ್ಲಿ ಆ ಊರಿಗೆ ಹೋಗಿ ಬರುವುದೆಂದು ಮಾತಾಯಿತು. ಗಂಡನಿಗೆ ಎದ್ದ ಮೇಲೆ ಹೇಳಿದೆವು.