ಕಳ್ಳಸಾಗಣೆ ಅಂದ್ರೆ ಬರೀ ಸಾಗಿಸೋದಾ?
ಪೇಪರ್‌ನಲ್ಲಿ ಚಿನ್ನಕ್ಕೂ ಗಂಧಕ್ಕೂ ಮನುಷ್ಯರಿಗೂ ಒಂದೇ ಪದ, ಕಳ್ಳಸಾಗಣೆ. ಚಿನ್ನದ್ದು ಸುಂಕ ತಪ್ಪಿಸೋ ಆಟ, 2024ರ ಜುಲೈಲಿ 15%ನಿಂದ 6%ಗೆ ಇಳಿಸಿದ್ಮೇಲೂ ನಿಂತಿಲ್ಲ ಬಿಡಿ. ಆದ್ರೆ ಮಾನವ ಕಳ್ಳಸಾಗಣೆ ಅಂದ ತಕ್ಷಣ ನಮ್ಗೆಲ್ಲ ರಾತ್ರಿ ಲಾರಿ, ಬಾರ್ಡರ್, ಚೆಕ್‌ಪೋಸ್ಟ್ ಅಂತಾನೇ ತಲೇಗೆ ಬರತ್ತೆ, ಕಾನೂನು ನೋಡಿದ್ರೆ ಬಾರ್ಡರ್ ದಾಟಿಸ್ಲೇಬೇಕು ಅಂತೇನೂ ಇಲ್ಲ, ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 143ನೇ ಸೆಕ್ಷನ್‌ನಲ್ಲಿ (ಹಳೇ ಐಪಿಸಿ 370) ಶೋಷಣೆ ಮಾಡೋಕಂತ ಮೋಸದಿಂದ ಕೆಲಸಕ್ಕೆ ಸೇರಿಸ್ಕೊಂಡ್ರೂ, ತಂದು ಇಟ್ಕೊಂಡ್ರೂ ಅದೇ ಕೇಸು, ಅವ್ರೇ ಒಪ್ಪಿ ಬಂದಿದ್ರು ಸಾರ್ ಅನ್ನೋ ಸಬೂಬೂ ನಡೆಯಲ್ಲ. ಅಡ್ವಾನ್ಸ್ ಕೊಟ್ಟು ಹಗಲು ಹೊತ್ತಲ್ಲೇ ಬಸ್ ಹತ್ತಿಸಿ ಇಟ್ಟಿಗೆ ಗೂಡಲ್ಲಿ ಕೂಡಿಹಾಕ್ಕೊಂಡು ದುಡಿಸೋದೂ ಇದ್ರಲ್ಲೇ ಬರಬಹುದು ಮಾರಾಯ್ರೆ, ನಾವು ಅದನ್ನ 'ಲೇಬರ್ ಕರ್ಕೊಂಬಂದ್ರು' ಅಂತ ಎಷ್ಟು ಆರಾಮಾಗಿ ಹೇಳ್ತೀವಿ.