ಹದಿಮೂರನೇ ಸುಲ್ತಾನ, ಹದಿನೆಂಟನೇ ಸುಲ್ತಾನ

1696ರಲ್ಲಿ ಲಂಡನ್ನಿನ ರಂಗಕ್ಕೆ ಇಂಗ್ಲಿಷ್ ನಾಟಕಕಾರ್ತಿ ಮೇರಿ ಪಿಕ್ಸ್ ಒಂದು ನಾಟಕ ಕೊಟ್ಟಳು, 'ಇಬ್ರಾಹಿಂ, ತುರ್ಕರ ಹದಿಮೂರನೇ ಚಕ್ರವರ್ತಿ' ಅಂತ. ಅಚ್ಚಿಗೆ ಹೋಗುವಾಗ ಮುನ್ನುಡಿಯಲ್ಲಿ ಪಾಪ, ತಾನೇ ಒಪ್ಪಿಕೊಂಡಳು: ಅವನು ಹನ್ನೆರಡನೆಯವನು, ನೆನಪನ್ನು ನಂಬಿ ಎಡವಿದೆ ಅಂತ. ಈಗಿನ ಲೆಕ್ಕದಲ್ಲಿ ಅವನು ಆಟೊಮನ್ ತುರ್ಕರ ಸುಲ್ತಾನರಲ್ಲಿ ಹದಿನೆಂಟನೆಯವನು. ತಿದ್ದುಪಡಿಯೂ ತಪ್ಪು!

ಈ ಇಬ್ರಾಹಿಂ ನಿಜವಾಗಿ ಇದ್ದವನೇ. 1640ರಿಂದ 1648ರವರೆಗೆ ಆಳಿದ. ನಾಟಕದಲ್ಲಿ ಅವನ ಕಣ್ಣು ಮುಫ್ತಿಯ ಮಗಳು ಮೊರೀನಾ ಮೇಲೆ ಬೀಳುತ್ತದೆ. ಅವಳು ಅವನ ಕತ್ತಿಯ ಅಲಗನ್ನೇ ಬರಿಗೈಲಿ ಹಿಡಿಯುತ್ತಾಳೆ, ಅವನು ಸುಮ್ನೆ ಎಳೆದುಕೊಳ್ಳುತ್ತಾನೆ, ಅಂಗೈ ಸೀಳಿ ರಕ್ತ. ಓದುವಾಗ ನನ್ನ ಕೈಯೇ ಮುದುಡಿಕೊಂಡಿತು.

ಜನಾನಾ, ನಪುಂಸಕ ಕಾವಲುಗಾರರು, ವಿಷ, ಎಲ್ಲಾ ಮಾಮೂಲಿ ಸರಕು ಇದರಲ್ಲೂ ಇದೆ. ಆದರೆ ನೋಡಿ, ಧರ್ಮದ ದೊಡ್ಡ ಅಧಿಕಾರಿಯಾದ ಮುಫ್ತಿ ಇಲ್ಲಿ ಖಳನಲ್ಲ, ಅನ್ಯಾಯಕ್ಕೊಳಗಾದ ಅಪ್ಪ. ದುಷ್ಟತನ ಇರುವುದು ಅರಸನಲ್ಲಿ. ನನಗೆ ಇಷ್ಟವಾಗಿದ್ದು ಇದೇ.

ಹತ್ತು ವರ್ಷದ ನಂತರ ಇನ್ನೊಬ್ಬ ಇಂಗ್ಲಿಷ್ ಲೇಖಕಿ ಡೆಲಾರಿವಿಯರ್ ಮ್ಯಾನ್ಲಿ 'ಆಲ್ಮಿನಾ' ಎಂಬ ನಾಟಕ ಬರೆದಳು. ಅರೇಬಿಯನ್ ನೈಟ್ಸ್‌ನ ಎಳೆ ಹಿಡಿದು. ಅದರ ಸುಲ್ತಾನನಿಗೆ ಹೆಂಗಸರಿಗೆ ಆತ್ಮವೇ ಇಲ್ಲ ಎಂಬ ನಂಬಿಕೆ. ಇಸ್ಲಾಂ ಹಾಗೆ ಹೇಳುವುದಿಲ್ಲ, ಅದು ಯುರೋಪಿನವರು ಕಟ್ಟಿದ ಕತೆ. ಮ್ಯಾನ್ಲಿ ಆ ಸುಳ್ಳನ್ನೇ ಎತ್ತಿಕೊಂಡು, ನಾಯಕಿಯ ಬಾಯಲ್ಲಿ ಅದಕ್ಕೆ ಜವಾಬು ಕೊಡಿಸಿದಳು. ಬಾಣ ಬಿಟ್ಟಿದ್ದು ಲಂಡನ್ನಿನ ಗಂಡಸರಿಗೇ, ಅಲ್ವಾ? ಪೆಟ್ಟು ಬಿದ್ದಿದ್ದು ಮಾತ್ರ ಮುಸಲ್ಮಾನರ ಹೆಸರಿಗೆ.